ಕಟ್ಟಿದವನು ನೋಡುವುದು ಯಾವಾಗ?

ಪ್ರವಾಸ ಕಂಪನಿಗಳ ಬಣ್ಣದ ಜಾಹೀರಾತುಗಳಲ್ಲಿ ಮೆಕ್ಸಿಕೊ ದೇಶದ ಯುಕಾಟಾನ್ ಪರ್ಯಾಯ ದ್ವೀಪಕ್ಕೆ ದೊಡ್ಡ ಜಾಗವಿದೆ. ಅಲ್ಲಿಗೆ ಹೋದವನಿಗೆ ಮೂರು ಬಗೆಯ ನೋಟ ಸಿಗುತ್ತದಂತೆ: ಸ್ಪೇನಿನವರು ಕಟ್ಟಿದ ಹಳೆಯ ನಗರಗಳು, ಅವರಿಗಿಂತ ಮೊದಲಿದ್ದ ಮಾಯಾ ಜನರ ಪಿರಮಿಡ್ಡುಗಳು, ಬಿಳಿ ಮರಳಿನ ಕಡಲತೀರಗಳು. ನಮ್ಮ ಓದುಗರಲ್ಲಿ ಈ ಯಾತ್ರೆ ಕೈಗೊಳ್ಳಬಲ್ಲವರು ಯಾರೂ ಇರಲಾರರು. ಗಿರಣಿಯ ಬದಲಿ ಕಾರ್ಮಿಕನಿಗೆ ನಾಳಿನ ಪಾಳಿ ಸಿಕ್ಕೀತೆ ಎಂಬುದೇ ಚಿಂತೆ. ಸಣ್ಣ ಅಂಗಡಿಕಾರನಿಗೆ ಒಂದು ದಿನ ಬಾಗಿಲು ಹಾಕಿದರೆ ಆ ದಿನದ ಬಡ್ಡಿ ಯಾರು ಕಟ್ಟುತ್ತಾರೆ ಎಂಬುದೇ ಲೆಕ್ಕ.

ಆದರೂ ಈ ವಾರ ನಾವು ಆ ನಾಡಿನ ಮಾತನ್ನೇ ಎತ್ತಿಕೊಂಡಿದ್ದೇವೆ. ನೂರು ವರ್ಷಗಳ ಹಿಂದೆ ಅಲ್ಲಿ ಸಮಾಜವಾದಿಗಳ ಸರಕಾರವಿತ್ತು. ಆ ಸರಕಾರ ಕೂಲಿಕಾರನು ತನ್ನ ಪೂರ್ವಜರು ಕಟ್ಟಿದ್ದನ್ನು ಕಣ್ಣಾರೆ ನೋಡಲಿ ಎಂದು ಒಂದು ರಸ್ತೆ ಮಾಡಿಸಿತು. ಐವತ್ತು ವರ್ಷಗಳ ತರುವಾಯ ಅದೇ ನಾಡಿನಲ್ಲಿ ಬ್ಯಾಂಕಿನವರು ಒಂದು ಊರನ್ನು ಕಟ್ಟಿಸಿದರು. ಅದು ಹೊರಗಿನವರು ಬಂದು ನೋಡಲಿ, ಕೂಲಿಕಾರನು ಅವರ ಹಾಸಿಗೆ ಹಾಸಲಿ ಎಂಬ ಊರು. ಈ ರಸ್ತೆಗೂ ಈ ಊರಿಗೂ ಇರುವ ಅಂತರವೇ ನಮ್ಮ ಇಂದಿನ ವಿಷಯ.

ಕಲ್ಲು ಕಿತ್ತು ಕಟ್ಟಿದ ನಗರಗಳು

ಯುಕಾಟಾನಿನ ಮುಖ್ಯ ಪಟ್ಟಣ ಮೆರಿಡಾ. ಸ್ಪೇನಿನ ಫ್ರಾನ್ಸಿಸ್ಕೊ ದ ಮೊಂತೇಹೊ ಎಂಬವನು 1542ರ ಜನವರಿ 6ರಂದು ಅದನ್ನು ಸ್ಥಾಪಿಸಿದನೆಂದು ಚರಿತ್ರೆ ಹೇಳುತ್ತದೆ. ಸ್ಥಾಪಿಸಿದನು ಎಂಬ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಅಲ್ಲಿ ಮೊದಲೇ ತ್‌ಹೋ ಎಂಬ ಮಾಯಾ ಪಟ್ಟಣವಿತ್ತು. ಅದರ ಗುಡಿಗಳ ಕಲ್ಲನ್ನು ಕಿತ್ತು, ಅದೇ ಜನರ ಹೆಗಲ ಮೇಲೆ ಹೊರಿಸಿ, ಸ್ಪೇನಿನವರ ದೊಡ್ಡ ಇಗರ್ಜಿಯನ್ನೂ ಅಧಿಕಾರಿಗಳ ಮನೆಗಳನ್ನೂ ಕಟ್ಟಲಾಯಿತು. ಇಗರ್ಜಿ ಮುಗಿದುದು 1598ರಲ್ಲಿ. ಚೌಕದ ಇನ್ನೊಂದು ಬದಿಯಲ್ಲಿ ಮೊಂತೇಹೊ ಮನೆತನದ ಅರಮನೆ ಇಂದಿಗೂ ಇದೆ. ಅದರ ಮುಂಬಾಗಿಲ ಮೇಲಿನ ಕೆತ್ತನೆಯಲ್ಲಿ ಸ್ಪೇನಿನ ಸಿಪಾಯಿಗಳು ನಿಂತಿದ್ದಾರೆ. ಅವರ ಕಾಲ ಕೆಳಗೆ ಬಾಯಿ ತೆರೆದು ಕೂಗುವ ತಲೆಗಳಿವೆ. ಗೆದ್ದವನು ತನ್ನ ಆಡಳಿತದ ನೀತಿಯನ್ನು ಇಷ್ಟು ನೇರವಾಗಿ ಬಾಗಿಲ ಮೇಲೆ ಬರೆಸಿದ್ದು ಅಪರೂಪ.

ಇಸಮಾಲ್ ಎಂಬ ಊರಿನಲ್ಲಿ ಮಾಯಾ ಗುಡಿಯ ಜಗತಿಯ ಮೇಲೆಯೇ ಪಾದ್ರಿಗಳು ಮಠವನ್ನು ಕಟ್ಟಿದರು. ವಯ್ಯಾದೊಲಿದ್ ನಗರ ಎದ್ದುದು ಸಸಿ ಎಂಬ ಮಾಯಾ ಊರಿನ ಮೇಲೆ. ಕಾಂಪೆಚೆ ಬಂದರಿನ ಸಂಪತ್ತನ್ನು ಕಡಲುಗಳ್ಳರು ಮತ್ತೆ ಮತ್ತೆ ದೋಚಿದ್ದರಿಂದ 1686ರಲ್ಲಿ ಅದರ ಸುತ್ತ ಕೋಟೆಗೋಡೆ ಎಬ್ಬಿಸಲು ತೊಡಗಿದರು. ಗೋಡೆಯ ಒಳಗಿದ್ದವರು ಯಾರ ಸೊತ್ತನ್ನು ಕೂಡಿಹಾಕಿ ಕಾಯುತ್ತಿದ್ದರು ಎಂಬ ಪ್ರಶ್ನೆಯನ್ನು ದಾರಿ ತೋರಿಸುವವರು ಕೇಳುವುದಿಲ್ಲ.

ಕಲ್ಲಿಗಿಂತ ದೊಡ್ಡ ನಷ್ಟ ಅಕ್ಷರದ್ದು. ಮಾಯಾ ಜನರಿಗೆ ತಮ್ಮದೇ ಲಿಪಿ ಇತ್ತು, ಪುಸ್ತಕಗಳಿದ್ದವು, ಸೊನ್ನೆಯ ಅರಿವಿತ್ತು, ಗ್ರಹಗತಿಯ ಲೆಕ್ಕವಿತ್ತು. 1562ರ ಜುಲೈ 12ರಂದು ಮಾನಿ ಎಂಬ ಊರಿನಲ್ಲಿ ಡಿಯೆಗೊ ದ ಲಾಂಡಾ ಎಂಬ ಪಾದ್ರಿ ಅವರ ಪುಸ್ತಕಗಳನ್ನೂ ವಿಗ್ರಹಗಳನ್ನೂ ರಾಶಿ ಹಾಕಿಸಿ ಸುಡಿಸಿದನು. ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು. ಅವುಗಳಲ್ಲಿ ಮೂರು ಯೂರೋಪಿನಲ್ಲಿವೆ. ಅದೇ ಪಾದ್ರಿ ಮುಂದೆ ಆ ಲಿಪಿಯ ಬಗ್ಗೆ ಬರೆದಿಟ್ಟ ಟಿಪ್ಪಣಿಯನ್ನು ಹಿಡಿದು, 1952ರಲ್ಲಿ ಲೆನಿನ್‌ಗ್ರಾಡಿನ ಯೂರಿ ಕ್ನೊರೊಸೊವ್ ಎಂಬ ವಿದ್ವಾಂಸನು ಮಾಯಾ ಬರಹವನ್ನು ಓದುವ ದಾರಿಯನ್ನು ತೋರಿಸಿಕೊಟ್ಟನು. ಆಗ ಅವನು ಆ ನಾಡಿನಲ್ಲಿ ಕಾಲಿಟ್ಟವನೇ ಅಲ್ಲ. ಟಿಕೆಟ್ಟು ಇಲ್ಲದವನಿಗೆ ದೂರದ ನಾಡಿನ ವಿಚಾರ ಬೇಡ ಎನ್ನುವವರು ಈ ಮಾತನ್ನು ನೆನಪಿಡಲಿ.

ಕತ್ತಾಳೆಯ ದೊರೆಗಳು

ನಮ್ಮ ರೈತರು ಹೊಲದ ಬದುವಿಗೆ ಬೇಲಿಯಾಗಿ ನೆಡುವ ಕತ್ತಾಳೆ ಈ ನೆಲದ ಗಿಡವಲ್ಲ. ಅದರ ಕುಲದ ತವರು ಅಮೆರಿಕ ಖಂಡ. ಅದರ ನಾರಿನಿಂದ ಹಗ್ಗ ಹೊಸೆಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅದೇ ಕುಲದ ಹೆನೆಕೆನ್ ಎಂಬ ಗಿಡ ಯುಕಾಟಾನಿನ ಹಣೆಬರಹವನ್ನು ಬರೆಯಿತು. ಪೇಟೆಯಲ್ಲಿ ನಾವು ಸಿಸಲ್ ಎಂದು ಕರೆಯುವ ನಾರಿಗೆ ಆ ಹೆಸರು ಬಂದುದು ಅಲ್ಲಿನ ಸಿಸಾಲ್ ಎಂಬ ಬಂದರಿನಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಗೋಧಿ ಹೊಲಗಳಿಗೆ ಕೊಯ್ದು ಕಂತೆ ಕಟ್ಟುವ ಯಂತ್ರಗಳು ಬಂದವು. ಕಟ್ಟಲು ಹುರಿ ಬೇಕು, ಹುರಿಗೆ ನಾರು ಬೇಕು. ಯುಕಾಟಾನಿನ ಜಮೀನ್ದಾರರು ಜೋಳದ ಹೊಲಗಳನ್ನು ಅಳಿಸಿ ಹೆನೆಕೆನ್ ನೆಟ್ಟರು. 1902ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಅಮೆರಿಕದ ಕಂಪನಿ, ಮೆರಿಡಾದ ಅತ್ಯಂತ ಬಲಿಷ್ಠ ವರ್ತಕ ಮನೆತನದೊಡನೆ ಅದೇ ವರ್ಷ ಗುಟ್ಟಿನ ಕರಾರು ಮಾಡಿಕೊಂಡು ನಾರಿನ ಬೆಲೆಯನ್ನು ತಗ್ಗಿಸಿತು. ಲಾಭ ಬಂದವರು ಮೆರಿಡಾದ ಹೆದ್ದಾರಿಯ ಇಕ್ಕೆಲದಲ್ಲೂ ಮಹಲು ಕಟ್ಟಿಸಿದರು. ಇಂದು ಪ್ರವಾಸಿಗಳು ಸಾರೋಟಿನಲ್ಲಿ ಕುಳಿತು ಹೊಗಳುವ ಮಹಲುಗಳು ಇವೇ.

ಈ ಮಹಲುಗಳ ತಳಪಾಯದಲ್ಲಿ ಇದ್ದುದು ಸಾಲದ ಜೀತ. ಮಾಯಾ ಕೂಲಿಕಾರನು ಮದುವೆಗೋ ಮಣ್ಣಿಗೋ ಧಣಿಯಿಂದ ಸಾಲ ತೆಗೆದನೆಂದರೆ ಅವನೂ ಅವನ ಮಕ್ಕಳೂ ಆ ತೋಟಕ್ಕೆ ಕಟ್ಟುಬಿದ್ದರು. ಕೂಲಿಯನ್ನು ಸರಕಾರಿ ನಾಣ್ಯದಲ್ಲಿ ಕೊಡುತ್ತಿರಲಿಲ್ಲ. ತೋಟದ ಹೆಸರು ಒತ್ತಿದ ಲೋಹದ ಬಿಲ್ಲೆಯಲ್ಲಿ ಕೊಡುತ್ತಿದ್ದರು. ಆ ಬಿಲ್ಲೆ ಧಣಿಯ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಪೇಟೆಯ ಅಂಗಡಿಕಾರನಿಗೆ ಆ ಕೂಲಿಯಿಂದ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಕೂಲಿಕಾರನ ಬಡತನವೂ ಸಣ್ಣ ವ್ಯಾಪಾರಿಯ ಬಡತನವೂ ಒಂದೇ ಬೇರಿನ ಎರಡು ಕೊಂಬೆಗಳು ಎಂದು ನಾವು ಈ ಪತ್ರಿಕೆಯಲ್ಲಿ ಹೇಳುತ್ತ ಬಂದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೂಲಿ ಸಾಲದೆ ಹೋದಾಗ, ದೂರದ ಸೊನೋರಾ ಪ್ರಾಂತದಲ್ಲಿ ತಮ್ಮ ಭೂಮಿಗಾಗಿ ಹೋರಾಡುತ್ತಿದ್ದ ಯಾಕಿ ಜನರನ್ನು ಸರಕಾರವೇ ಹಿಡಿದು ಈ ತೋಟಗಳಿಗೆ ಸಾಗಿಸಿತು.

ಜನ ಸುಮ್ಮನಿರಲಿಲ್ಲ. 1847ರಲ್ಲಿ ಪೂರ್ವಭಾಗದ ಮಾಯಾ ರೈತರು ದಂಗೆಯೆದ್ದರು. ಮರುವರ್ಷ ಅವರು ಮೆರಿಡಾದ ಹತ್ತಿರಕ್ಕೇ ಬಂದು ಮುಟ್ಟಿದ್ದರು. ಮಳೆ ಕಾಣಿಸಿತು, ಬಿತ್ತನೆಯ ಹದ ತಪ್ಪಬಾರದೆಂದು ಹೊಲಕ್ಕೆ ಮರಳಿದರು ಎಂಬ ಮಾತು ಆ ನಾಡಿನಲ್ಲಿ ಪ್ರಚಲಿತವಾಗಿದೆ. ಹಿಂದೆ ಸರಿದವರು ಕಾಡಿನ ನಡುವೆ ಚಾನ್ ಸಾಂತಾ ಕ್ರುಸ್ ಎಂಬ ಊರನ್ನು ತಮ್ಮ ರಾಜಧಾನಿ ಮಾಡಿಕೊಂಡು 1901ರವರೆಗೆ ಹೋರಾಡಿದರು. ಈ ಯುದ್ಧದಲ್ಲಿ ಸೆರೆಸಿಕ್ಕ ಮಾಯಾ ಜನರನ್ನು ಕ್ಯೂಬಾದ ಕಬ್ಬಿನ ತೋಟಗಳಿಗೆ ಮಾರಲಾಯಿತು. 1861ರಲ್ಲಿ ಅಧ್ಯಕ್ಷ ಬೆನಿಟೊ ಹುವಾರೆಸ್ ಆ ವ್ಯಾಪಾರವನ್ನು ನಿಷೇಧಿಸಿದನು. ಅದೇ ವರ್ಷ ಸಿಸಾಲ್ ಬಂದರಿನ ಬಳಿ ಮುಳುಗಿದ, ಇಂಥ ಜನರನ್ನು ಸಾಗಿಸುತ್ತಿದ್ದ ಲಾ ಊನಿಯೋನ್ ಎಂಬ ಹಡಗಿನ ಅವಶೇಷವನ್ನು 2020ರಲ್ಲಿ ಮೆಕ್ಸಿಕೊದ ಪ್ರಾಕ್ತನ ಇಲಾಖೆ ಗುರುತಿಸಿತು. ಬಿಳಿ ಮರಳಿನ ಕಡಲಿನ ಅಡಿಯಲ್ಲಿ ಇದೂ ಬಿದ್ದಿದೆ.

ಒಂದು ರಸ್ತೆಯ ಕಥೆ

ಮೆಕ್ಸಿಕೊದ ಕ್ರಾಂತಿ ಯುಕಾಟಾನನ್ನು ಮುಟ್ಟಿದುದು ತಡವಾಗಿ. 1915ರಲ್ಲಿ ಸೈನ್ಯದೊಡನೆ ಬಂದ ಸಾಲ್ವಡೋರ್ ಆಲ್ವರಾಡೊ ಕೂಲಿಕಾರರ ಸಾಲಗಳನ್ನು ರದ್ದುಮಾಡಿ ಜೀತವನ್ನು ಮುರಿದನು. ಅದರ ಮೇಲೆ ಚಳವಳಿಯನ್ನು ಕಟ್ಟಿದವನು ಫೆಲಿಪೆ ಕರ್ರಿಯೊ ಪುಯೆರ್ತೊ. 1874ರಲ್ಲಿ ಮೊತೂಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತ ರೈಲಿನಲ್ಲಿ ಕಂಡಕ್ಟರನಾಗಿದ್ದವನು, ಗಾಡಿ ಹೊಡೆದವನು, ಪತ್ರಿಕೆ ನಡೆಸಿದವನು. ದೇಶದ ಸಂವಿಧಾನವನ್ನು ಮಾಯಾ ಮಾತಿಗೆ ತಿರುಗಿಸಿ ಕೂಲಿಕಾರರಿಗೆ ಓದಿ ಹೇಳಿದವನು. ತನ್ನ ಹಕ್ಕು ತನ್ನ ಭಾಷೆಯಲ್ಲಿ ಕೇಳಿಸಿದ ದಿನ ಜೀತದವನು ಅರ್ಧ ಬಿಡುಗಡೆಯಾದಂತೆ ಎಂಬುದನ್ನು ಆತ ತಿಳಿದಿದ್ದನು. ಭಾರತದ ಎಂ. ಎನ್. ರಾಯ್ ಅವರು 1917ರಲ್ಲಿ ಮೆಕ್ಸಿಕೊ ಸೇರಿ ಅಲ್ಲಿನ ಸಮಾಜವಾದಿಗಳ ನಡುವೆ ಕೆಲಸ ಮಾಡುತ್ತಿದ್ದ ಕಾಲವೇ ಇದು.

1922ರ ಫೆಬ್ರವರಿಯಲ್ಲಿ ಕರ್ರಿಯೊ ಪುಯೆರ್ತೊ ಯುಕಾಟಾನಿನ ಗವರ್ನರನಾದನು. ಮೊದಲ ಭಾಷಣ ಮಾಡಿದುದು ಮಾಯಾ ಮಾತಿನಲ್ಲಿ. ಎರಡು ವರ್ಷವೂ ತುಂಬದ ಆಡಳಿತದಲ್ಲಿ ಹಳ್ಳಿಗಳಿಗೆ ಭೂಮಿ ಹಂಚಿದನು, ಶಾಲೆಗಳನ್ನು ತೆರೆದನು, ವಿಶ್ವವಿದ್ಯಾಲಯ ಸ್ಥಾಪಿಸಿದನು. ಹೆಂಗಸರು ಚುನಾವಣೆಗೆ ನಿಂತು ಗೆದ್ದರು. ಆತನ ತಂಗಿ ಎಲ್ವಿಯಾ ಅವರಲ್ಲಿ ಒಬ್ಬಳು. ಇವುಗಳ ಜೊತೆಗೆ ಆತ ಮಾಡಿಸಿದ ಇನ್ನೊಂದು ಕೆಲಸ ಚಿಚೆನ್ ಇಟ್ಸಾಗೆ ರಸ್ತೆ. ಹತ್ತಿರದ ರೈಲು ನಿಲ್ದಾಣವಾದ ಡ್ಸಿತಾಸಿನಿಂದ ಆ ಹಾಳುಪಟ್ಟಣದವರೆಗಿನ ರಸ್ತೆ 1923ರಲ್ಲಿ ತೆರೆಯಿತು.

ಚಿಚೆನ್ ಇಟ್ಸಾ ಎಂದರೆ ಇಟ್ಸಾ ಜನರ ಬಾವಿಯ ಬಾಯಿ ಎಂದರ್ಥ. ಯುಕಾಟಾನಿನ ಉತ್ತರದಲ್ಲಿ ನೆಲದ ಮೇಲೆ ಹೊಳೆಗಳಿಲ್ಲ. ಸುಣ್ಣಕಲ್ಲಿನ ನೆಲ ಕುಸಿದು ತೆರೆದ ಸಹಜ ಬಾವಿಗಳೇ ಜನರಿಗೆ ನೀರು. ಅಂಥ ಬಾವಿಯೂ ಇಲ್ಲದ ಉಶ್ಮಾಲಿನಲ್ಲಿ ಮಾಯಾ ಜನರು ನೆಲದೊಳಗೆ ಗಚ್ಚಿನ ತೊಟ್ಟಿಗಳನ್ನು ಮಾಡಿ, ಮಳೆನೀರು ಹಿಡಿದಿಟ್ಟು, ದೊಡ್ಡ ಪಟ್ಟಣವನ್ನೇ ನಡೆಸಿದರು. ಚಿಚೆನಿನ ದೊಡ್ಡ ಪಿರಮಿಡ್ಡಿಗೆ ನಾಲ್ಕು ಬದಿಯಲ್ಲೂ 91 ಮೆಟ್ಟಿಲು. ಮೇಲಿನ ಜಗತಿಯನ್ನು ಕೂಡಿಸಿದರೆ 365, ವರ್ಷದ ದಿನಗಳಷ್ಟು. ಹಗಲು ಇರುಳು ಸಮವಾಗುವ ದಿನಗಳಲ್ಲಿ ಸಂಜೆಯ ಬಿಸಿಲು ಮೆಟ್ಟಿಲ ಅಂಚಿನ ಮೇಲೆ ಹಾವಿನಂತೆ ಇಳಿಯುತ್ತದೆ. ಕಬ್ಬಿಣದ ಉಳಿ ಇಲ್ಲದೆ, ಗಾಡಿ ಎಳೆಯುವ ಎತ್ತು ಕುದುರೆಗಳಿಲ್ಲದೆ ಇದನ್ನು ಕಟ್ಟಿದರು.

ಜಮೀನ್ದಾರರು ತಮ್ಮ ಕೂಲಿಕಾರರಿಗೆ ಹೇಳಿಕೊಡುತ್ತಿದ್ದ ಪಾಠವೇ ಬೇರೆ: ನೀವು ಸೋಮಾರಿಗಳು, ತಲೆಯಿಲ್ಲದವರು, ಚಾಟಿಯಿಲ್ಲದೆ ಕೆಲಸ ಮಾಡುವವರಲ್ಲ. ಆ ಪಾಠವನ್ನು ಅಳಿಸಲು ಭಾಷಣಕ್ಕಿಂತ ಒಂದು ರಸ್ತೆ ಹೆಚ್ಚು ಕೆಲಸ ಮಾಡೀತೆಂದು ಸಮಾಜವಾದಿ ಗವರ್ನರನು ಕಂಡುಕೊಂಡನು. ತನ್ನ ಅಜ್ಜನ ಅಜ್ಜಂದಿರು ಇಟ್ಟ ಕಲ್ಲಿನ ಮುಂದೆ ನಿಂತವನು ಧಣಿಯ ಮುಂದೆ ಮೊದಲಿನಂತೆ ಬಗ್ಗಲಾರ. ಪ್ರವಾಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾವು ಕಂಡಿಲ್ಲ.

ಜಮೀನ್ದಾರರಿಗೆ ಇದೆಲ್ಲ ಸಹಿಸಲಿಲ್ಲ. ಸೈನ್ಯದ ಒಂದು ಭಾಗ ದಂಗೆಯೆದ್ದಾಗ ಕರ್ರಿಯೊ ಪುಯೆರ್ತೊ ಸೆರೆಸಿಕ್ಕನು. 1924ರ ಜನವರಿ 3ರಂದು ಅವನನ್ನೂ ಅವನ ಮೂವರು ಸಹೋದರರನ್ನೂ ಸಂಗಡಿಗರನ್ನೂ ಮೆರಿಡಾದ ಸ್ಮಶಾನದ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಒಂದು ಕಾಲಕ್ಕೆ ಮಾಯಾ ದಂಗೆಕೋರರ ರಾಜಧಾನಿಯಾಗಿದ್ದ ಚಾನ್ ಸಾಂತಾ ಕ್ರುಸ್ ಇಂದು ಅವನ ಹೆಸರನ್ನೇ ಹೊತ್ತುಕೊಂಡಿದೆ. 1937ರಲ್ಲಿ ಅಧ್ಯಕ್ಷ ಲಾಸರೊ ಕಾರ್ದೆನಾಸ್ ಹೆನೆಕೆನ್ ತೋಟಗಳನ್ನು ಕೂಲಿಕಾರರಿಗೆ ಹಂಚಿದನು. ಆದರೆ ಅಷ್ಟರಲ್ಲಿ ನಾರಿನ ಪೇಟೆ ಕುಸಿದಿತ್ತು. ಮುಂದೆ ರಾಸಾಯನಿಕ ದಾರ ಬಂದು ಅದನ್ನು ಪೂರ್ತಿ ಮುರಿಯಿತು.

ಬ್ಯಾಂಕು ಹುಟ್ಟಿಸಿದ ಊರು

ಪರ್ಯಾಯ ದ್ವೀಪದ ಪೂರ್ವದ ಕರಾವಳಿಯಲ್ಲಿ ಕಾನ್‌ಕುನ್ ಎಂಬ ಮರಳ ದಿಣ್ಣೆಯಿತ್ತು. ಅಲ್ಲಿ ಜನವಸತಿ ಇಲ್ಲವೆಂದರೂ ಸರಿಯೆ. ಮೆಕ್ಸಿಕೊದ ಕೇಂದ್ರ ಬ್ಯಾಂಕಿನವರು ಡಾಲರ್ ಗಳಿಸುವ ದಾರಿ ಹುಡುಕುತ್ತ, ಕಡಲತೀರಗಳ ಲೆಕ್ಕ ಹಾಕಿ, ಈ ಜಾಗವನ್ನು ಆರಿಸಿದರು. 1970ರಲ್ಲಿ ಕೆಲಸ ಆರಂಭವಾಯಿತು, ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕಿನಿಂದ ಸಾಲ ಬಂತು, 1974ರ ಹೊತ್ತಿಗೆ ಹೊಟೇಲುಗಳು ಬಾಗಿಲು ತೆರೆಯತೊಡಗಿದವು. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಒಂಬತ್ತು ಲಕ್ಷದ ಹತ್ತಿರ.

ಕೆಲಸ ಹುಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ಹುಟ್ಟಿತು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ನಾರಿನ ತೋಟಗಳು ಹಾಳಾದಾಗ ಆ ಹಳ್ಳಿಗಳ ಗಂಡಸರು ಗಾರೆ ಕೆಲಸಕ್ಕೂ ಹೆಂಗಸರು ಕೋಣೆ ಗುಡಿಸುವುದಕ್ಕೂ ಇಲ್ಲಿಗೇ ಬಂದರು. ಆದರೆ ಊರು ಎರಡು ಪಾಲಾಗಿದೆ. ಕಡಲಿನ ಪಕ್ಕದ ಉದ್ದನೆಯ ಪಟ್ಟಿಯಲ್ಲಿ ಹೊಟೇಲುಗಳು. ಒಳನೆಲದಲ್ಲಿ ಕೆಲಸಗಾರರ ಕೇರಿಗಳು. ಬೆಳಗಾದರೆ ಬಸ್ಸಿನಲ್ಲಿ ಕಡಲಿಗೆ, ಪಾಳಿ ಮುಗಿದರೆ ಬಸ್ಸಿನಲ್ಲಿ ಕೇರಿಗೆ. ಕಡಲು ಅವರ ಪಾಲಿಗೆ ಕಿಟಕಿಯಲ್ಲಿ ಕಾಣುವ ವಸ್ತು. 2005ರಲ್ಲಿ ವಿಲ್ಮಾ ಎಂಬ ಚಂಡಮಾರುತ ತೀರದ ಮರಳನ್ನು ಕೊಚ್ಚಿಕೊಂಡು ಹೋದಾಗ ಸರಕಾರ ಕಡಲ ತಳದಿಂದ ಮರಳು ಎತ್ತಿಸಿ ಹೊಟೇಲುಗಳ ಮುಂದೆ ಮತ್ತೆ ಹಾಸಿಸಿತು. ಈಚಿನ ವರ್ಷಗಳಲ್ಲಿ ಬೇಸಗೆ ಬಂದರೆ ರಾಶಿ ರಾಶಿ ಕಡಲಕಳೆ ದಡಕ್ಕೆ ಬಂದು ಕೊಳೆತು ನಾರುತ್ತದೆ. ಅದನ್ನು ಬಿಸಿಲಲ್ಲಿ ಗೋರಿ ಬಳಿದು ತೆಗೆಯುವವರೂ ಕೂಲಿಕಾರರೇ.

ಸಣ್ಣ ವ್ಯಾಪಾರಿಗಳು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ದೊಡ್ಡ ಹೊಟೇಲುಗಳಲ್ಲಿ ಎಲ್ಲವೂ ಸೇರಿದ ಗುತ್ತಿಗೆ ಎಂಬ ಪದ್ಧತಿ ಇದೆ. ಪ್ರವಾಸಿಯು ತನ್ನ ಊರಿನಲ್ಲಿಯೇ ಕಂಪನಿಗೆ ಹಣ ಕಟ್ಟುತ್ತಾನೆ. ಬಂದ ಕೂಡಲೆ ಅವನ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಊಟ, ಕುಡಿತ, ಆಟ ಎಲ್ಲವೂ ಆ ಪಟ್ಟಿಯ ಮೇಲೆ, ಹೊಟೇಲಿನ ಒಳಗೆ. ಊರಿನ ಖಾನಾವಳಿಗೆ, ಹಣ್ಣಿನವನಿಗೆ, ಬಟ್ಟೆಯಂಗಡಿಗೆ ಅವನು ಬರುವ ಅಗತ್ಯವೇ ಇಲ್ಲ. ಹಿಂದೆ ತೋಟದ ಬಿಲ್ಲೆ ಧಣಿಯ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಇಂದು ಈ ಕೈಪಟ್ಟಿ ಧಣಿಯ ಹೊಟೇಲಿನಲ್ಲಿ ಮಾತ್ರ ನಡೆಯುತ್ತದೆ. ಅಂದು ಕೂಲಿಕಾರನ ಹಣ ಪೇಟೆಗೆ ಬರದಂತೆ ತಡೆದರು, ಇಂದು ಪ್ರವಾಸಿಯ ಹಣ ಪೇಟೆಗೆ ಬರದಂತೆ ತಡೆಯುತ್ತಾರೆ. ಹಳೆಯ ತೋಟದ ಬಂಗಲೆಗಳಲ್ಲಿ ಕೆಲವು ಈಗ ದುಬಾರಿ ವಸತಿಗೃಹಗಳಾಗಿವೆ ಎಂಬುದನ್ನೂ ಇದಕ್ಕೆ ಸೇರಿಸಿ ಓದಬೇಕು.

ಆ ಪಿರಮಿಡ್ಡಿನ ನೆಲವಾದರೂ ಜನರದಾಗಿತ್ತೆ? 1894ರಲ್ಲಿ ಅಮೆರಿಕದ ರಾಯಭಾರ ಕಚೇರಿಯ ಎಡ್ವರ್ಡ್ ಥಾಂಪ್ಸನ್ ಚಿಚೆನ್ ಇಟ್ಸಾದ ತೋಟವನ್ನು ಕೊಂಡು, ಪವಿತ್ರ ಬಾವಿಯನ್ನು ಬಗೆಸಿ, ಸಿಕ್ಕ ಚಿನ್ನವನ್ನೂ ಹಸುರು ಕಲ್ಲಿನ ಒಡವೆಗಳನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಡಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದನು. ಅವುಗಳಲ್ಲಿ ಒಂದು ಭಾಗ ಮಾತ್ರ ಮುಂದೆ ಹಿಂದಿರುಗಿತು. ಆಮೇಲೆ ಆ ನೆಲ ಹೊಟೇಲು ನಡೆಸುವ ಒಂದು ಮನೆತನದ ಕೈಗೆ ಬಂತು. ಕಟ್ಟಡಗಳು ರಾಷ್ಟ್ರದ ಸೊತ್ತು, ಅವು ನಿಂತ ನೆಲ ಖಾಸಗಿಯವರ ಸೊತ್ತು! 2010ರಲ್ಲಿ ಯುಕಾಟಾನ್ ಸರಕಾರ 22 ಕೋಟಿ ಪೆಸೊ ತೆತ್ತು ಆ ನೆಲವನ್ನು ಕೊಂಡಿತು. ಪೂರ್ವಜರ ಗುಡಿಯನ್ನು ಮೊಮ್ಮಕ್ಕಳ ತೆರಿಗೆ ಹಣದಿಂದ ಬಿಡಿಸಿಕೊಳ್ಳಬೇಕಾಯಿತು.

ಕಡಲತೀರದ ಮಾತೂ ಹೀಗೆಯೇ. ಮೆಕ್ಸಿಕೊದ ಕಾನೂನಿನಂತೆ ತೀರವೆಲ್ಲ ರಾಷ್ಟ್ರದ್ದು, ಯಾರು ಬೇಕಾದರೂ ನಡೆಯಬಹುದು. ಆದರೆ ತೀರಕ್ಕೆ ಹೋಗುವ ದಾರಿಯಲ್ಲಿ ಹೊಟೇಲಿನ ಗೇಟು, ಗೇಟಿನಲ್ಲಿ ಪಹರೆಯವನು. ಈ ಅಡ್ಡಿಗೆ ಭಾರೀ ದಂಡ ಹಾಕುವ ತಿದ್ದುಪಡಿಯನ್ನು ತರಲು 2020 ಬರಬೇಕಾಯಿತು. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಹಕ್ಕಿನ ಬಳಿಗೆ ಹೋಗುವ ದಾರಿಯೂ ಬೇಕು.

ಈಗ ಸರಕಾರವೇ ಮಾಯಾ ರೈಲು ಎಂಬ ಹೊಸ ರೈಲನ್ನು ಹಾಕಿದೆ. 2023ರ ಡಿಸೆಂಬರಿನಲ್ಲಿ ಮೊದಲ ಭಾಗ ಓಡಿತು, ಮರುವರ್ಷ ಉಳಿದುದು ತೆರೆಯಿತು. ಒಟ್ಟು ಉದ್ದ ಸುಮಾರು 1,554 ಕಿಲೋಮೀಟರು. ಖಾಸಗಿಯವರ ಕೈಗೆ ಕೊಡದೆ ಸರಕಾರವೇ ರೈಲು ಹಾಕಿದುದು ಸರಿ. ಆದರೆ ನಡೆಸಲು ಸೈನ್ಯಕ್ಕೆ ಒಪ್ಪಿಸಿದುದು, ಕಾಡು ಕಡಿದುದು, ನೀರು ತುಂಬಿದ ಗುಹೆಗಳ ಚಾವಣಿ ತೂತು ಮಾಡಿ ಕಂಬ ಇಳಿಸಿದುದು ಸರಿಯಲ್ಲ. ಹೊಳೆಯಿಲ್ಲದ ನಾಡಿಗೆ ಆ ಗುಹೆಗಳೇ ಹೊಳೆ. ಜನರನ್ನು ಕೇಳಿ ಮಾಡಿದ ರಸ್ತೆಗೂ ಜನರ ಹೆಸರಿಟ್ಟು ಮಾಡಿದ ರೈಲಿಗೂ ವ್ಯತ್ಯಾಸವಿದೆ.

ಇಷ್ಟಾದರೂ ಮಾಯಾ ಜನರು ಹಳೆಯ ಕಾಲದ ಗೊಂಬೆಗಳಲ್ಲ. ಯುಕಾಟಾನಿನ ಮಾಯಾ ಮಾತನ್ನು ಇಂದಿಗೂ ಏಳು ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಚಿಚೆನಿನ ದಾರಿಯ ಇಕ್ಕೆಲದಲ್ಲಿ ಮರದ ಮುಖವಾಡ, ಕಸೂತಿ ಬಟ್ಟೆ ಹರವಿಕೊಂಡು ಕುಳಿತ ಸಣ್ಣ ವ್ಯಾಪಾರಿಗಳಲ್ಲಿ ಸುತ್ತಿನ ಹಳ್ಳಿಯವರೇ ಬಹಳ ಮಂದಿ. ಅಧಿಕಾರಿಗಳು ಅವರನ್ನು ಅಂದಗೆಡಿಸುವವರೆಂದು ಕಾಣುತ್ತಾರೆ. ಅಲ್ಲಿಂದ ಎಬ್ಬಿಸುವ ಮಾತು ಆಗಾಗ ಏಳುತ್ತದೆ. ಕಟ್ಟಿದವರ ಮಕ್ಕಳು ಮರದ ನೆರಳಲ್ಲಿ ಕೂತರೆ ಅಂದ ಕೆಡುತ್ತದೆ; ಹತ್ತು ಅಂತಸ್ತಿನ ಹೊಟೇಲು ಕಡಲಿಗೆ ಅಡ್ಡ ನಿಂತರೆ ಅಂದ ಕೆಡುವುದಿಲ್ಲ!

ನಮ್ಮ ಮಾತು

ನಾವು ಪ್ರವಾಸದ ವಿರೋಧಿಗಳಲ್ಲ. ಊರು ನೋಡುವುದು ಶ್ರೀಮಂತರ ಚಟ, ದುಡಿಯುವವನಿಗೆ ಕೂಲಿಯೊಂದೇ ಸಾಕು ಎನ್ನುವ ವಾದ ನಮ್ಮವರಲ್ಲಿಯೂ ಕೆಲವರಿಗೆ ಇದೆ. ಅದು ಧಣಿಯ ವಾದ. ಗೊತ್ತಿಲ್ಲದೆ ನಮ್ಮ ಬಾಯಿಗೆ ಬಂದಿದೆ. 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ಸಂಬಳಸಹಿತ ರಜೆಯನ್ನು ಹಕ್ಕೆಂದು ಹೇಳಿದೆ. ನಮ್ಮ ಸಂವಿಧಾನದ 43ನೆಯ ವಿಧಿ ಕೆಲಸಗಾರನಿಗೆ ಜೀವನವೇತನದ ಜೊತೆಗೆ ಬಿಡುವಿನ ಪೂರ್ಣ ಅನುಭವವನ್ನೂ ಸಾಂಸ್ಕೃತಿಕ ಅವಕಾಶಗಳನ್ನೂ ದೊರಕಿಸಲು ರಾಜ್ಯವು ಯತ್ನಿಸಬೇಕೆಂದು ಹೇಳಿದೆ. ಮೆಕ್ಸಿಕೊದ ಕಾರ್ಮಿಕರು 2023ರ ಜನವರಿ 1ರಿಂದ ಮೊದಲ ವರ್ಷದ ಸಂಬಳದ ರಜೆಯನ್ನು ಆರು ದಿನದಿಂದ ಹನ್ನೆರಡಕ್ಕೆ ಏರಿಸಿಕೊಂಡಿದ್ದಾರೆ. ಬೇಡಿಕೆಪಟ್ಟಿಯ ಸಂಧಾನದಲ್ಲಿ ಎಲ್ಲಕ್ಕಿಂತ ಮೊದಲು ನಾವು ಕೈಬಿಡುವುದು ರಜೆಯ ಕಲಮನ್ನು. ಇನ್ನು ಮುಂದೆ ಹಾಗೆ ಬಿಡಬಾರದು.

ಎರಡನೆಯದು, ಜನರು ಕಟ್ಟಿದ ಕಲ್ಲೂ ಯಾರೂ ಕಟ್ಟದ ಕಡಲೂ ಸಾರ್ವಜನಿಕ ಸೊತ್ತಾಗಿರಬೇಕು; ಅವುಗಳ ನೆಲವೂ ದಾರಿಯೂ ಅದರಲ್ಲಿ ಸೇರಿರಬೇಕು. ಮೂರನೆಯದು, ನೋಡಲು ಬಂದವರ ಹಣ ಕಂಪನಿಯ ಪೆಟ್ಟಿಗೆಗೆ ನೇರವಾಗಿ ಹೋಗದೆ ಸ್ಥಳೀಯ ಅಂಗಡಿ, ಖಾನಾವಳಿ, ಕುಶಲಕರ್ಮಿಗಳ ಕೈಯಲ್ಲಿ ಹರಿಯಬೇಕು. ಈ ಮೂರು ಎಲ್ಲಿ ಇಲ್ಲವೋ ಅಲ್ಲಿ ಪ್ರವಾಸೋದ್ಯಮ ಎಂಬುದು ಕತ್ತಾಳೆ ತೋಟದ ಹೊಸ ಹೆಸರು, ಅಷ್ಟೆ.

ಮೆರಿಡಾದ ಸ್ಮಶಾನದಲ್ಲಿ ಗುಂಡಿಗೆ ಬಲಿಯಾದವನು ಆಳಿದ ಕಾಲ ಎರಡು ವರ್ಷಕ್ಕೂ ಕಡಿಮೆ. ಆ ರಸ್ತೆಯಲ್ಲಿ ಮೊದಲು ನಡೆದವರು ಡಾಲರಿನವರಲ್ಲ, ಅದರ ಗುರಿಯೂ ಡಾಲರಾಗಿರಲಿಲ್ಲ. ಕಟ್ಟಿದವನು ಒಮ್ಮೆಯಾದರೂ ಬಿಡುವು ಮಾಡಿಕೊಂಡು, ಬೆನ್ನು ನೇರ ಮಾಡಿ, ತಾನು ಕಟ್ಟಿದ್ದನ್ನು ನೋಡಬೇಕೆಂಬುದು ಅದರ ಗುರಿಯಾಗಿತ್ತು. ನಮ್ಮ ಸಂಘಗಳೂ ಅಂಥ ರಸ್ತೆಯನ್ನು ಕೇಳಲಿ.